ದಿಂಬಣ್ಣನ ಮ್ಯಾನೇಜರ್‌ಗಿರಿ

ಕಂಪ್ಯೂಟರ್ ಕೆಟ್ಟು ನಿಂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅದು ಕೆಡಲಿಲ್ಲ, ರಾತ್ರೋರಾತ್ರಿ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿತು. ಯಾರೂ ಕೇಳದಿದ್ದರೂ ಗಿರಗಿರನೆ ತಿರುಗಿ, ಏನೇನೋ ಹೊಸದನ್ನು ಹೊಟ್ಟೆಗೆ ತುಂಬಿಕೊಂಡು, ಬೆಳಿಗ್ಗೆ ದಿಂಬಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದು ಕೂತಾಗ, "ಈ ಆಟ ಬಹಳ ಹಳೆಯದು, ಇನ್ನು ತೆರೆಯುವುದಿಲ್ಲ" ಎಂದು ಒಂದೇ ಒಂದು ಸಾಲು ತೋರಿಸಿ ಕೈತೊಳೆದುಕೊಂಡಿತು.

ದಿಂಬಣ್ಣನ ಬಾಯಿಂದ ಬ್ರಷ್ ಜಾರಿ ಕೀಬೋರ್ಡಿನ ಮೇಲೆ ಬಿತ್ತು. ವರ್ಷಾನುಗಟ್ಟಲೆ ಸಾಕಿ ಸಲಹಿದ ಫುಟ್‌ಬಾಲ್ ತಂಡ, ಮಂಡಿನೋವಿನ ಗೋಲ್‌ಕೀಪರ್, ಮಾತುಮಾತಿಗೆ ಮುನಿಸಿಕೊಳ್ಳುತ್ತಿದ್ದ ಎಡಗಾಲಿನ ಹುಡುಗ, ಕಷ್ಟಪಟ್ಟು ಗೆದ್ದ ಕಪ್‌ಗಳು, ಎಲ್ಲ ಒಂದೇ ಏಟಿಗೆ ಗಾಳಿಗೆ ಹೋದವು.

ದಿಂಬಣ್ಣ ಅನ್ನುವುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಾಸಿಗೆ, ದಿಂಬು, ಪರದೆ ಮಾರುವ ಅಂಗಡಿಯಲ್ಲಿ ಅವನು ಹಾಸಿಗೆ ವಿಭಾಗದ ಸೇಲ್ಸ್‌ಮನ್. ಆದರೆ ಹೆಸರು ಬಂದದ್ದು ಕೆಲಸದಿಂದ ಮಾತ್ರವಲ್ಲ, ಸ್ವಭಾವದಿಂದಲೂ. ಯಾರು ಎಲ್ಲಿ ಒತ್ತಿದರೂ ಅಲ್ಲಿ ತಗ್ಗುತ್ತಿದ್ದ. ಕೈ ತೆಗೆದ ಮೇಲೆ ನಿಧಾನಕ್ಕೆ ಮೊದಲಿನ ಆಕಾರಕ್ಕೆ ಬರುತ್ತಿದ್ದ. ಗಿರಾಕಿ ಬೈದರೂ ಅವನೇ ಕ್ಷಮೆ ಕೇಳುತ್ತಿದ್ದ, ಗಿರಾಕಿ ಕ್ಷಮೆ ಕೇಳಿದರೂ ಅವನೇ ಮತ್ತೆ ಕ್ಷಮೆ ಕೇಳುತ್ತಿದ್ದ.

ಅಂಥವನಿಗೆ ಸಂಜೆಯ ಆ ಆಟವೇ ಒಂದು ಆಸರೆ. ಅದರಲ್ಲಿ ಚೆಂಡನ್ನು ಒದೆಯುವುದಿಲ್ಲ. ಆಡುವವನು ತಂಡದ ಮ್ಯಾನೇಜರ್. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರನ್ನು ಬೇರೆ ತಂಡಕ್ಕೆ ಮಾರಬೇಕು, ಅರ್ಧ ಆಟ ಮುಗಿದಾಗ ಯಾರಿಗೆ ಬೈಯಬೇಕು, ಎಲ್ಲ ಅವನದೇ ತೀರ್ಮಾನ. ಬೈದರೆ ಹನ್ನೊಂದು ಜನ ತಲೆ ತಗ್ಗಿಸಿ ಕೇಳುತ್ತಿದ್ದರು. ಅವನ ಮಾತಿಗೆ ಹಾಗೆ ತಲೆ ತಗ್ಗಿಸುವವರು ಈ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು.

"ಏನಾಯ್ತು ರೀ? ಯಾರಾದ್ರೂ ಹೋಗ್ಬಿಟ್ರಾ?" ಎಂದು ಹೆಂಡತಿ ಅಡುಗೆಮನೆಯಿಂದ ಬಂದಳು. ಆಕೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಯಾವ ಸಮಸ್ಯೆಗೂ ಎರಡು ಸಾಲಿಗಿಂತ ಹೆಚ್ಚು ಜಾಗ ಕೊಡುವ ಅಭ್ಯಾಸವಿರಲಿಲ್ಲ.

"ಎಲ್ಲರೂ ಹೋದ್ರು," ಎಂದ ದಿಂಬಣ್ಣ.

ಆಕೆ ಪರದೆಯ ಮೇಲಿನ ಸಾಲು ಓದಿದಳು. "ಇಷ್ಟೇನಾ? ಹೊಸದು ತಗೊಳ್ಳಿ."

"ಹೊಸದು ಎರಡಿವೆ. ಎರಡಕ್ಕೂ ರಿಯಾಯಿತಿ ಇದೆ. ಇವತ್ತು ಸಂಜೆ ಆರಕ್ಕೆ ಮುಗಿಯುತ್ತೆ."

"ಎರಡ್ರಲ್ಲಿ ಒಂದು ತಗೊಳ್ಳಿ. ಎರಡಕ್ಕೆ ನಿಮ್ಮ ಕಂಪ್ಯೂಟರಲ್ಲಿ ಜಾಗ ಇಲ್ಲ, ನನ್ನ ತಾಳ್ಮೆಯಲ್ಲೂ ಇಲ್ಲ. ಮೊದಲು ಆ ಪೇಸ್ಟ್ ಒರೆಸಿ."

ಅವಳ ಪಾಲಿಗೆ ಲೆಕ್ಕ ಮುಗಿಯಿತು. ದಿಂಬಣ್ಣನ ಪಾಲಿಗೆ ಶುರುವಾಯಿತು.

ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಅವನು ಎರಡನ್ನೂ ತೂಗಿ ನೋಡಿದ. ಒಂದಕ್ಕೆ ಅವನು ದೊಡ್ಡದು ಎಂದು ಹೆಸರಿಟ್ಟುಕೊಂಡಿದ್ದ. ಅದರಲ್ಲಿ ಇಲ್ಲದ್ದೇ ಇಲ್ಲ. ಒಬ್ಬೊಬ್ಬ ಆಟಗಾರನ ಓಟ, ಉಸಿರು, ಸಿಟ್ಟು, ಅವನಿಗೂ ಅವನ ಪಕ್ಕದವನಿಗೂ ಮಾತು ಬಿಟ್ಟಿದೆಯೋ ಇಲ್ಲವೋ, ಮೈದಾನದ ಹುಲ್ಲು ಎಷ್ಟು ಉದ್ದ, ಎಲ್ಲಕ್ಕೂ ಅಂಕಿ. ಪಂದ್ಯ ನಡೆದಾಗ ಮಾತ್ರ ಕಾಣಿಸುವುದು ಬರೀ ಚುಕ್ಕೆಗಳು, ಸಕ್ಕರೆ ಚೆಲ್ಲಿದ ಕಡೆ ಇರುವೆ ಓಡಾಡಿದ ಹಾಗೆ. ಒಂದು ವಾರದ ಆಟ ಮುಗಿಸಲು ಎರಡು ಸಂಜೆ ಬೇಕು. ಇನ್ನೊಂದು ಚಿಕ್ಕದು. ಅದರಲ್ಲಿ ಆಟಗಾರರಿಗೆ ಮುಖ ಇತ್ತು, ಮೀಸೆ ಇತ್ತು, ಗೋಲು ಹೊಡೆದರೆ ಕುಣಿಯುತ್ತಿದ್ದರು. ಊಟಕ್ಕೆ ಮುಂಚೆ ಕೂತರೆ ಒಂದು ಇಡೀ ಲೀಗ್ ಮುಗಿಸಿ ಕೈತೊಳೆಯಲು ಏಳಬಹುದು. ಆದರೆ ಬುದ್ಧಿ ಕಡಿಮೆ. ಗೋಲ್‌ಕೀಪರನನ್ನು ಮುಂದೆ ಆಡಿಸಿದರೂ ಯಾರೂ ಏನೂ ಅನ್ನುವುದಿಲ್ಲ.

ದಿನಾ ನೂರು ಜನಕ್ಕೆ ಸ್ಪ್ರಿಂಗ್ ಒಳ್ಳೆಯದೋ ಫೋಮ್ ಒಳ್ಳೆಯದೋ ಎಂದು ತೀರ್ಮಾನ ಹೇಳುವವನು ತನ್ನ ತೀರ್ಮಾನಕ್ಕೆ ಬಂದಾಗ ಒದ್ದೆ ಹತ್ತಿಯಂತಾದ.

ಅಂಗಡಿ ತೆರೆದು ಮೊದಲ ಗಿರಾಕಿಗಳು ಬರುವಷ್ಟರಲ್ಲಿ ಅವನು ಗೋಡೌನಿಗೆ ನುಸುಳಿ ಗೆಳೆಯನಿಗೆ ಫೋನ್ ಮಾಡಿದ. ಗೆಳೆಯನದು ಔಷಧಿ ಅಂಗಡಿ. ಅವನೂ ಇದೇ ಹುಚ್ಚಿನವನು. ಗೋಡೌನಿನಲ್ಲಿ ಹಾಸಿಗೆಗಳನ್ನು ಸೂರಿನವರೆಗೆ ಒಟ್ಟಿದ್ದರು. ಆ ಒಟ್ಟಿಲಿನ ಹಿಂದೆ, ಪ್ಲಾಸ್ಟಿಕ್ ಸುತ್ತಿದ ಡಬಲ್ ಹಾಸಿಗೆಯ ಮೇಲೆ, ಪರದೆ ಮಾಮ ಬೆಳಗಿನ ಮೊದಲ ನಿದ್ದೆಯಲ್ಲಿದ್ದದ್ದು ದಿಂಬಣ್ಣನಿಗೆ ಗೊತ್ತಿರಲಿಲ್ಲ.

ಪರದೆ ಮಾಮ ಅಂಗಡಿಯ ಪರದೆ ವಿಭಾಗದ ಹಿರಿಯ. ಮ್ಯಾನೇಜರೇ ಇಲ್ಲದ ಆ ಅಂಗಡಿಗೆ ಮುಂದೆ ತಾನೇ ಮ್ಯಾನೇಜರ್ ಎಂದು ಹಲವು ವರ್ಷಗಳಿಂದ ನಂಬಿಕೊಂಡಿದ್ದ, ದಿಂಬಣ್ಣನನ್ನು "ಏಯ್" ಎಂದೇ ಕರೆಯುತ್ತಿದ್ದ. ಅವನಿಗೆ ಎಚ್ಚರವಾಗಿ ಕಿವಿ ನಿಮಿರಿದಾಗ ಕೇಳಿಸಿದ್ದು ಇಷ್ಟು:

"ಮ್ಯಾನೇಜರ್ ಆಗೋದೇನೋ ಗ್ಯಾರಂಟಿ ಕಣೋ. ದೊಡ್ಡದಕ್ಕೆ ಹೋಗ್ಲೋ ಚಿಕ್ಕದಕ್ಕೆ ಹೋಗ್ಲೋ ಅನ್ನೋದೇ ತಲೆನೋವು. ಸಂಜೆ ಆರರೊಳಗೆ ಹೇಳ್ಬೇಕು... ಹೂಂ, ದೊಡ್ಡದ್ರಲ್ಲಿ ಜನ ಜಾಸ್ತಿ, ಒಬ್ಬೊಬ್ಬರ ಮನಸ್ಸೂ ಕಾಯ್ಬೇಕು... ಮೊದಲನೇ ದಿನ ಏನು ಮಾಡ್ತೀನಾ? ವಯಸ್ಸಾದವರನ್ನೆಲ್ಲ ಗಂಟುಮೂಟೆ ಕಟ್ಟಿಸಿ ಕಳಿಸಿಬಿಡ್ತೀನಿ! ಮಂಡಿನೋವು ಸೊಂಟನೋವು ಅಂತ ಬಿದ್ದುಕೊಂಡಿರೋರು ನನಗೆ ಬೇಡ."

ಪರದೆ ಮಾಮನಿಗೆ ಮಂಡಿನೋವೂ ಇತ್ತು, ಸೊಂಟನೋವೂ ಇತ್ತು, ಆ ಗಳಿಗೆಯಲ್ಲಿ ಬಿದ್ದುಕೊಂಡೂ ಇದ್ದ.

ದಿಂಬಣ್ಣ ಹೊರಗೆ ಹೋದದ್ದೇ ತಡ, ಮಾಮ ಎದ್ದು ಕುಂಟುತ್ತಲೇ ಓಡಿ ಗಲ್ಲಾದ ಹಿಂದಿದ್ದ ಕ್ಯಾಶಿಯರಕ್ಕನ ಕಿವಿಗೆ ಬಾಯಿಟ್ಟ. "ನಮ್ಮ ದಿಂಬು ಇದೆಯಲ್ಲ, ಅದಕ್ಕೆ ಎರಡು ಕಂಪನಿಯಿಂದ ಮ್ಯಾನೇಜರ್ ಕೆಲಸ ಬಂದಿದೆ! ಒಂದು ದೊಡ್ಡ ಕಂಪನಿ, ಒಂದು ಚಿಕ್ಕದು. ಎರಡೂ ಕೈಹಿಡಿದು ಎಳೀತಿವೆ!"

"ಅಯ್ಯೋ, ಆ ಮೆತ್ತಗಿನ ಮನುಷ್ಯನಿಗಾ?"

"ಮೆತ್ತಗೇನಲ್ಲ ಕಣಮ್ಮ. ಒಳಗೆ ಕಬ್ಬಿಣ. ನಾನೇ ಕೇಳಿಸಿಕೊಂಡೆ, ಮೊದಲನೇ ದಿನವೇ ಮುದುಕರ ಮೇಲೆ ಕೈ ಇಡ್ತಾನಂತೆ."

ಕ್ಯಾಶಿಯರಕ್ಕನಿಗೆ ಒಂದು ಸುದ್ದಿ ಸಿಕ್ಕರೆ ಅದನ್ನು ಚಿಲ್ಲರೆ ಮಾಡಿ ಹಂಚುವವರೆಗೆ ಸಮಾಧಾನವಿರುತ್ತಿರಲಿಲ್ಲ. ಆದರೆ ಮೊದಲು ಖಚಿತ ಮಾಡಿಕೊಳ್ಳಬೇಕಲ್ಲ. ಆಕೆ ಚಹಾ ತೆಗೆದುಕೊಂಡು ಹಾಸಿಗೆ ವಿಭಾಗಕ್ಕೆ ಬಂದಳು. ಇಷ್ಟು ವರ್ಷದಲ್ಲಿ ಆಕೆ ದಿಂಬಣ್ಣನಿಗೆ ಚಹಾ ತಂದುಕೊಟ್ಟದ್ದು ಅದೇ ಮೊದಲು.

"ಹಾಗಾದ್ರೆ ಏನು ತೀರ್ಮಾನ ಮಾಡಿದ್ರಿ? ದೊಡ್ಡದೋ, ಚಿಕ್ಕದೋ?"

ದಿಂಬಣ್ಣನ ಮುಖ ಬೆಳಗಿತು. ಫುಟ್‌ಬಾಲ್ ಆಟದ ಬಗ್ಗೆ ಈ ಅಕ್ಕನಿಗೂ ಆಸಕ್ತಿಯಿದೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ. "ನಿಮಗೂ ಗೊತ್ತಾ ಅಕ್ಕ?"

"ನನಗೆ ಗೊತ್ತಿಲ್ಲದ್ದು ಏನಿದೆ! ದೊಡ್ಡದ್ರಲ್ಲಿ ಕೆಲಸ ಜಾಸ್ತಿ ಅಂತಾರಪ್ಪ."

"ಜಾಸ್ತಿ ಅಂದ್ರೆ? ಕೂತ್ರೆ ಏಳೋ ಹಾಗಿಲ್ಲ. ಊಟ ತಟ್ಟೇಲೇ ಆರಿ ಹೋಗುತ್ತೆ. ಪತ್ರಿಕೆಯವರಿಗೂ ನಾನೇ ಉತ್ತರ ಕೊಡ್ಬೇಕು."

"ಪತ್ರಿಕೆಯವರಿಗಾ!" ಕ್ಯಾಶಿಯರಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮನೆಯವರು ಒಪ್ಪಿದಾರಾ?"

"ಒಂದಕ್ಕೆ ಮಾತ್ರ. ಎರಡೂ ಬೇಡ ಅಂತ ಖಡಾಖಂಡಿತ ಹೇಳಿದಾಳೆ."

"ಎರಡೂ ಹೇಗೆ ಮಾಡೋಕಾಗುತ್ತೆ!"

"ನನ್ನ ಗೆಳೆಯ ಮಾಡ್ತಾನಲ್ಲ. ಔಷಧಿ ಅಂಗಡಿಯಲ್ಲಿ ಕೂತ್ಕೊಂಡೇ. ಗಿರಾಕಿ ಇಲ್ಲದಾಗ ಅದು, ಗಿರಾಕಿ ಇದ್ದಾಗ ಇದು."

ಕ್ಯಾಶಿಯರಕ್ಕನಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ಆಕೆ ಗಲ್ಲಾಕ್ಕೆ ವಾಪಸು ಹೋಗುವ ದಾರಿಯಲ್ಲಿ ಹಾಸಿಗೆ ಸಾಗಿಸುವ ಗಾಡಿಯ ಡ್ರೈವರ್ ಸಿಕ್ಕಿದ. ಅವನಿಗೆ ಹೇಳಿದಳು. ಡ್ರೈವರ್ ಗಾಡಿಗೆ ಗಾಳಿ ತುಂಬಿಸಲು ಟೈರ್ ಅಂಗಡಿಗೆ ಹೋದ. ಆ ಟೈರ್ ಅಂಗಡಿ ದಿಂಬಣ್ಣನ ಹೆಂಡತಿಯ ತಮ್ಮನದು. ಚಕ್ರಕ್ಕೆ ಗಾಳಿ ತುಂಬುವಷ್ಟರಲ್ಲಿ ಸುದ್ದಿಗೂ ಸಾಕಷ್ಟು ಗಾಳಿ ತುಂಬಿತು.

ಇತ್ತ ದಿಂಬಣ್ಣನಿಗೆ ಮೊದಲ ಬಾರಿಗೆ ಏನೋ ವಿಚಿತ್ರ ಅನ್ನಿಸತೊಡಗಿತು. ಪರದೆ ಮಾಮ ತಾನಾಗಿಯೇ ಬಂದು ಅವನ ಭುಜದ ಮೇಲಿನ ಹತ್ತಿಯ ಎಳೆ ತೆಗೆದ. "ಕೂತ್ಕೊಳ್ಳಿ," ಎಂದು ಬಹುವಚನದಲ್ಲಿ ಹೇಳಿ ಕುರ್ಚಿ ಎಳೆದುಕೊಟ್ಟ. ದಿಂಬಣ್ಣ ಕುರ್ಚಿಯನ್ನೂ ಮಾಮನನ್ನೂ ಸರದಿಯಂತೆ ನೋಡಿದ. ಕುರ್ಚಿಯ ಕಾಲು ಮುರಿದಿರಬೇಕು ಎಂದುಕೊಂಡು ಕೂರಲಿಲ್ಲ.

"ನೋಡಿ," ಎಂದು ಮಾಮ ದನಿ ಇಳಿಸಿದ, "ಜನ ನನಗೆ ಬಹಳ ವಯಸ್ಸಾಗಿದೆ ಅಂತ ಹೇಳಬಹುದು. ನಂಬಬೇಡಿ. ಕೂದಲು ಮಾತ್ರ ಬೇಗ ಬೆಳ್ಳಗಾಗಿದೆ. ಮಂಡಿ ನೋಡಿ, ಹೇಗಿದೆ!" ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎದ್ದು ತೋರಿಸಲು ಹೋದ. ಕೂತದ್ದೇನೋ ಕೂತ. ಏಳುವಾಗ ದಿಂಬಣ್ಣನೂ ಒಬ್ಬ ಗಿರಾಕಿಯೂ ಸೇರಿ ಎರಡು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. "ನೆಲ ಜಾರುತ್ತೆ," ಎಂದ ಮಾಮ, ಹಲ್ಲು ಕಚ್ಚಿಕೊಂಡು.

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಭಾವಮೈದನ ಫೋನ್ ಬಂತು.

"ಭಾವಾ! ದೊಡ್ಡದಕ್ಕೇ ಹೋಗಿ! ಕಣ್ಣು ಮುಚ್ಚಿಕೊಂಡು ಹೋಗಿ!"

"ನೀನೂ ಆಡ್ತೀಯಾ?" ಎಂದು ದಿಂಬಣ್ಣ ಸಂತೋಷದಿಂದ ಕೇಳಿದ.

"ಆಡೋದೇನು ಭಾವ, ಟೈರ್ ವಿಷಯದಲ್ಲಿ ನನ್ನ ಮುಂದೆ ಯಾರು ಆಡ್ತಾರೆ? ದೊಡ್ಡ ಕಂಪನಿ ಅಂದ್ಮೇಲೆ ಇಪ್ಪತ್ತು ಗಾಡಿಯಾದ್ರೂ ಇರುತ್ತೆ. ಎಲ್ಲದರ ಟೈರೂ ನಮ್ಮ ಅಂಗಡಿಯಿಂದಲೇ ಹೋಗೋ ಹಾಗೆ ನೋಡ್ಕೊಳ್ಳಿ. ಮ್ಯಾನೇಜರ್ ಮನಸ್ಸು ಮಾಡಿದ್ರೆ ಆಗದೇ ಇರೋದು ಏನಿದೆ? ಅಕ್ಕನಿಗೂ ಫೋನ್ ಮಾಡಿ ಹೇಳಿದೀನಿ. ಪಾಪ, ಅವಳಿಗೆ ಗೊತ್ತೇ ಇರಲಿಲ್ಲ!"

ದಿಂಬಣ್ಣನ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆತು ಅಂಗಿಯ ಮೇಲೆ ಇಳಿಯಿತು. ಚಹಾ, ಬಹುವಚನ, ಕುರ್ಚಿ, ಮಂಡಿ, ಎಲ್ಲ ಈಗ ಒಂದೊಂದಾಗಿ ಅರ್ಥವಾದವು. ಈಗಲೇ ಹೋಗಿ ಎಲ್ಲರಿಗೂ ಹೇಳಿಬಿಡಬೇಕು ಎಂದು ಎದ್ದ.

ಎದ್ದವನು ಮತ್ತೆ ಕೂತ. ಏನಂತ ಹೇಳುವುದು? "ಕಂಪನಿ ಅಲ್ಲ, ಕಂಪ್ಯೂಟರ್ ಆಟ. ಮನೆಯಲ್ಲಿ ಚಡ್ಡಿ ಹಾಕಿಕೊಂಡು ಕೂತು ಇಲ್ಲದ ಆಟಗಾರರಿಗೆ ಬೈತೀನಿ" ಅಂತಲೇ? ಹಾಗೆ ಹೇಳಿದರೆ ಪರದೆ ಮಾಮ ಕೆಲಸ ಬಿಡುವವರೆಗೂ ನಗುತ್ತಾನೆ, ಬಿಟ್ಟ ಮೇಲೂ ನಗಲಿಕ್ಕೆಂದೇ ಬಂದು ಹೋಗುತ್ತಾನೆ. ಇನ್ನೂ ಒಂದು ವಿಷಯವಿತ್ತು. ಅದನ್ನು ದಿಂಬಣ್ಣ ತನಗೆ ತಾನೇ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆ ಕುರ್ಚಿ ಎಳೆದುಕೊಟ್ಟದ್ದು ಅವನಿಗೆ ಹಿತವಾಗಿತ್ತು.

ಸಂಜೆಯವರೆಗೆ ಇರಲಿ, ಆಮೇಲೆ ನೋಡೋಣ ಎಂದುಕೊಂಡ.

ಊಟದ ನಂತರ ಬಂದ ಗಂಡ ಹೆಂಡತಿಯ ಜೋಡಿ ಹಾಸಿಗೆಯಿಂದ ಹಾಸಿಗೆಗೆ ಉರುಳುತ್ತ ಜಗಳವಾಡುತ್ತಿತ್ತು. ಗಂಡನಿಗೆ ಸ್ಪ್ರಿಂಗ್, ಹೆಂಡತಿಗೆ ಫೋಮ್. ಬೇರೆ ದಿನವಾಗಿದ್ದರೆ ದಿಂಬಣ್ಣ ಇಬ್ಬರಿಗೂ "ಹೌದು ಹೌದು" ಎನ್ನುತ್ತ ಅಂಗಡಿ ಮುಚ್ಚುವವರೆಗೆ ನಿಂತಿರುತ್ತಿದ್ದ. ಅವತ್ತು ದೂರದಿಂದ ಪರದೆ ಮಾಮನೂ ಕ್ಯಾಶಿಯರಕ್ಕನೂ ನೋಡುತ್ತಿದ್ದರು. ದಿಂಬಣ್ಣ ಎದೆ ಸೆಟೆಸಿದ. "ಎದ್ದೇಳಿ ಇಬ್ಬರೂ!" ಎಂದ. ಇಬ್ಬರೂ ಗಾಬರಿಯಾಗಿ ಎದ್ದು ನಿಂತರು. "ಸಾರ್, ನೀವು ಎಡಗಡೆ ಮಲಗೋರು, ಮಗ್ಗಲು ಬದಲಾಯಿಸೋದು ಜಾಸ್ತಿ. ನೀವು ಸ್ಪ್ರಿಂಗ್ ಮೇಲೆ ಹೊರಳಿದ್ರೆ ಮೇಡಂ ಚೆಂಡಿನ ಹಾಗೆ ಪುಟೀತಾರೆ. ಫೋಮ್ ತಗೊಳ್ಳಿ. ಮಾತು ಮುಗೀತು."

ತೆಗೆದುಕೊಂಡರು! ಹೋಗುವಾಗ ಗಂಡ ಕೈಮುಗಿದು ಹೋದ.

ದಿಂಬಣ್ಣನ ಮೈಯಲ್ಲಿ ಏನೋ ಹರಿದಾಡಿತು. ಹಾಗೇ ಒಬ್ಬನೇ ನಿಂತು ಫೋನ್ ತೆಗೆದ. ದೊಡ್ಡದು. ಹೌದು, ದೊಡ್ಡದೇ. ತಾನು ದೊಡ್ಡದಕ್ಕೆ ತಕ್ಕ ಮನುಷ್ಯ. ಕೊಳ್ಳುವ ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ಏನ್ರಿ ಇದು? ಎರಡು ಕಂಪನಿ ಅಂತೆ, ಮ್ಯಾನೇಜರ್ ಅಂತೆ! ನನ್ನ ತಮ್ಮ ಹೇಳಿದ ಮೇಲೆ ನನಗೆ ಗೊತ್ತಾಗ್ಬೇಕಾ? ಪಕ್ಕದಲ್ಲಿ ಕೂತಿದ್ದ ವಿಜ್ಞಾನದ ಮೇಡಂ ಕೇಳಿಸ್ಕೊಂಡು ಇಡೀ ಸ್ಟಾಫ್‌ರೂಮಿಗೆ ಹೇಳಿದ್ರು. ಹೆಡ್‌ಮಾಸ್ಟರ್ ಬಂದು ಕೈ ಕುಲುಕಿ ಹೋದ್ರು!"

"ಅದು... ಬೆಳಿಗ್ಗೆ ಹೇಳಿದ್ನಲ್ಲ, ಆ ಎರಡು."

"ಯಾವ ಎರಡು?"

"ಆಟ."

ಫೋನಿನ ಆ ಕಡೆ ಗಂಟೆ ಹೊಡೆದದ್ದು, ಮಕ್ಕಳು ಓಡಿದ್ದು, ಒಂದು ಬಾಗಿಲು ಹಾಕಿದ್ದು, ಎಲ್ಲ ಕೇಳಿಸಿತು. ಕೊನೆಗೆ ಹೆಂಡತಿಯ ದನಿ ಕೇಳಿಸಿತು: "ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿ. ಇಲ್ಲದಿದ್ರೆ ಶಾಲೆ ಬಿಟ್ಟ ಮೇಲೆ ನಾನೇ ಅಂಗಡಿಗೆ ಬಂದು ಹೇಳ್ತೀನಿ."

ಹೆಂಡತಿ ಬಂದು ಹೇಳುವುದಕ್ಕಿಂತ ತಾನೇ ಹೇಳುವುದು ವಾಸಿ. ದಿಂಬಣ್ಣ ಗಲ್ಲಾದ ಕಡೆಗೆ ನಡೆದ. ಆದರೆ ಅಲ್ಲಿ ಆಗಲೇ ಎಲ್ಲರೂ ಸೇರಿದ್ದರು. ಹೊಸ ಹಾಸಿಗೆಯೊಂದರ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಒಂದು ಕೇಕ್ ಇಟ್ಟಿದ್ದರು. ಕೇಕಿನ ಮೇಲೆ ಕೆಂಪು ಅಕ್ಷರದಲ್ಲಿ "ನಮ್ಮನ್ನು ಮರೆಯಬೇಡಿ ದಿಂಬಣ್ಣ" ಎಂದು ಬರೆಸಿದ್ದರು. ಜಾಗ ಸಾಲದೆ "ಣ್ಣ" ಕೇಕಿನ ಬದಿಗೆ ಇಳಿದಿತ್ತು.

"ನಾನು ಒಂದು ಮಾತು ಹೇಳ್ಬೇಕು," ಎಂದ ದಿಂಬಣ್ಣ.

"ನೀವು ಆಮೇಲೆ. ಹಿರಿಯರು ಮೊದಲು," ಎಂದು ಪರದೆ ಮಾಮ ಗಂಟಲು ಸರಿಮಾಡಿಕೊಂಡ. "ಈ ಮನುಷ್ಯನನ್ನ ನಾನು ಮೊದಲ ದಿನದಿಂದಲೇ ಗುರುತಿಸಿದ್ದೆ. ಏಯ್ ಅಂತ ಕರೀತಿದ್ದೆ, ನಿಜ. ಅದು ಸಲಿಗೆ. ಮಗನನ್ನ ಕರೆದ ಹಾಗೆ. ದೊಡ್ಡ ಕಂಪನಿಗೆ ಹೋದ ಮೇಲೆ ಅಲ್ಲಿ ಕಿಟಕಿಗಳಿಗೆ ಪರದೆ ಬೇಕೇ ಬೇಕಲ್ಲ, ಆಗ ಈ ಬಡಪಾಯಿಯನ್ನ ನೆನೆಸ್ಕೊಂಡ್ರೆ..." ಅವನಿಗೆ ಮುಂದೆ ಮಾತಾಡಲಾಗಲಿಲ್ಲ. ಡ್ರೈವರ್ ಅವನ ಬೆನ್ನು ಸವರಿದ.

"ದಯವಿಟ್ಟು ಕೇಳಿ!" ದಿಂಬಣ್ಣ ಜೋರಾಗಿಯೇ ಹೇಳಿದ. "ಕಂಪನಿ ಇಲ್ಲ, ಕೆಲಸ ಇಲ್ಲ. ಮ್ಯಾನೇಜರ್ ಅನ್ನೋದೆಲ್ಲ ಬರೀ ಆಟ!"

ಕ್ಯಾಶಿಯರಕ್ಕ ಕಣ್ಣೊರೆಸಿಕೊಂಡಳು. "ನೋಡಿದ್ರಾ ದೊಡ್ಡಗುಣ! ನಿಮ್ಮಂಥವರಿಗೆ ಮ್ಯಾನೇಜರ್ ಕೆಲಸ ಆಟ ಇದ್ದ ಹಾಗೇ ಬಿಡಿ!"

ಚಪ್ಪಾಳೆ ಬಿತ್ತು. ಚಪ್ಪಾಳೆಯ ಸದ್ದಿಗೆ ಹಿಂದುಗಡೆಯ ಕೋಣೆಯ ಬಾಗಿಲು ತೆರೆಯಿತು. ಯಜಮಾನರು ನಿಂತಿದ್ದರು.

ಯಜಮಾನರು ಹೊರಗೆ ಬರುವುದೇ ಅಪರೂಪ. ಅಂಗಡಿ ತೆರೆದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಮುಚ್ಚುವ ಹೊತ್ತಿಗೇ ದರ್ಶನ. ಆಗಾಗ ಒಳಗಿನಿಂದ ನಿಟ್ಟುಸಿರು, ಮೇಜು ಗುದ್ದಿದ ಸದ್ದು ಕೇಳಿಸುತ್ತಿತ್ತು. ವ್ಯಾಪಾರದ ಚಿಂತೆ, ಪಾಪ, ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು.

"ಯಾರು ಹೋಗ್ತಿರೋದು?" ಎಂದರು ಯಜಮಾನರು.

ಎಲ್ಲರ ಬೆರಳೂ ದಿಂಬಣ್ಣನ ಕಡೆ ತಿರುಗಿದವು. ಯಜಮಾನರು ಕೇಕನ್ನೂ ಅದರ ಕೆಳಗಿದ್ದ ಮಾರಾಟದ ಹಾಸಿಗೆಯನ್ನೂ ನೋಡಿ, "ಒಳಗೆ ಬನ್ನಿ," ಎಂದರು.

ಇದ್ದ ಕೆಲಸವೂ ಹೋಯಿತು ಎಂದೇ ದಿಂಬಣ್ಣನಿಗೆ ಖಾತ್ರಿಯಾಗಿ, ಯಜಮಾನರು ಬಾಯಿ ತೆರೆಯುವ ಮೊದಲೇ ಬೆಳಗಿನ ಬ್ರಷ್‌ನಿಂದ ಹಿಡಿದು ಕೇಕಿನವರೆಗೆ ಒಂದೇ ಉಸಿರಿನಲ್ಲಿ ಒದರಿದ. "ಸಾರ್, ಫುಟ್‌ಬಾಲ್ ಮ್ಯಾನೇಜರ್ ಆಗೋ ಕಂಪ್ಯೂಟರ್ ಆಟ ಸಾರ್. ಎರಡಿವೆ. ಯಾವುದು ಕೊಳ್ಳೋದು ಅಂತ ಗೆಳೆಯನ್ನ ಕೇಳ್ತಿದ್ದೆ. ಅಷ್ಟೇ ಸಾರ್."

ಯಜಮಾನರು ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಕಿಟಕಿಯ ಗಾಜಿಗೆ ಪರದೆ ಎಳೆದರು. ಮತ್ತೆ ಬಂದು ಕೂತು, ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು.

ಹಸಿರು ಮೈದಾನದ ಮೇಲೆ ಚುಕ್ಕೆಗಳು ನಿಂತಿದ್ದವು.

"ದೊಡ್ಡದು!" ಎಂದ ದಿಂಬಣ್ಣ, ತನಗೇ ಗೊತ್ತಿಲ್ಲದೆ.

"ಮೂರು ತಿಂಗಳಿಂದ ಆಡ್ತಿದೀನಿ," ಎಂದರು ಯಜಮಾನರು. ಅವರ ದನಿ ವೈದ್ಯರ ಮುಂದೆ ಕೂತವರ ದನಿಯಾಗಿತ್ತು. "ತಂಡ ಕೆಳಗಿನಿಂದ ಎರಡನೇದು. ಆಟಗಾರರು ನನ್ನ ಮುಖ ನೋಡಿ ಮಾತಾಡೋದಿಲ್ಲ. ಯಾರ ಹತ್ತಿರ ಹೇಳ್ಕೊಳ್ಳಲಿ? ನಮ್ಮಂಥವರು ಈ ಊರಲ್ಲಿ ಬೇರೆ ಯಾರಿದಾರೆ? ಇನ್ನು ಸ್ವಲ್ಪ ಹೊತ್ತಿಗೆ ಒಂದು ಪಂದ್ಯ ಇದೆ. ಏನು ಮಾಡಲಿ, ಹೇಳಿ."

ದಿಂಬಣ್ಣ ಕುರ್ಚಿ ಎಳೆದುಕೊಂಡು ಕೂತ. ಅಂಕಿಗಳ ಮೇಲೆ ಕಣ್ಣಾಡಿಸಿದ. ಅವನ ಭಯವೆಲ್ಲ ಎಲ್ಲಿಗೋ ಹೋಯಿತು. "ಸಾರ್, ಹೀಗೆ ಹೆದರಿಕೊಂಡು ಎಲ್ಲರನ್ನೂ ಗೋಲಿನ ಮುಂದೆ ನಿಲ್ಲಿಸಿದ್ರೆ ಹೇಗೆ? ಈ ಇಬ್ಬರು ಮುದುಕರನ್ನ ಕೂರಿಸಿ. ಹಿಂದೆ ಇಬ್ಬರೇ ಸಾಕು. ಉಳಿದವರೆಲ್ಲ ಮುಂದೆ ನುಗ್ಗಲಿ. ನುಗ್ಗಬೇಕು ಸಾರ್! ಮೊದಲ ನಿಮಿಷದಿಂದಲೇ ನುಗ್ಗಬೇಕು!"

ಯಜಮಾನರ ಕಣ್ಣು ಹೊಳೆಯಿತು. ಅವನು ಹೇಳಿದಂತೆ ಚುಕ್ಕೆಗಳನ್ನು ಒಂದೊಂದಾಗಿ ಮುಂದಕ್ಕೆ ಸರಿಸಿದರು. ಆಮೇಲೆ ಅವನನ್ನು ಬಹಳ ಹೊತ್ತು ನೋಡಿ, ಮೇಜು ತಟ್ಟಿದರು.

"ಇವತ್ತಿನಿಂದ ಅಂಗಡಿಗೆ ನೀವೇ ಮ್ಯಾನೇಜರ್."

"ಸಾರ್?"

"ಅಂಗಡಿ ನೀವು ನೋಡ್ಕೊಳ್ಳಿ, ಈ ಫುಟ್‌ಬಾಲ್ ಕ್ಲಬ್ ನಾನು ನೋಡ್ಕೋತೀನಿ. ಎರಡು ದೋಣಿ ಮೇಲೆ ಕಾಲಿಟ್ಟು ಸಾಕಾಗಿದೆ ನನಗೆ. ಆದ್ರೆ ಒಂದು ಷರತ್ತು. ಆ ಆಟ ನೀವು ಕೊಳ್ಳೋ ಹಾಗಿಲ್ಲ. ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ. ಈ ಆಟ ಹಿಡಿದ ಮನುಷ್ಯ ಅಂಗಡಿ ನೋಡ್ಕೊಳ್ಳೋದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ದಿಂಬಣ್ಣ ಹಸಿರು ಮೈದಾನದ ಚುಕ್ಕೆಗಳನ್ನು ಇನ್ನೊಮ್ಮೆ ಆಸೆಯಿಂದ ನೋಡಿದ. ಆದರೆ ಹೊರಗೆ ಪರದೆ ಮಾಮ ಇದ್ದ, ಕ್ಯಾಶಿಯರಕ್ಕ ಇದ್ದಳು, ಡ್ರೈವರ್ ಇದ್ದ. ಬೈದರೆ ನಿಜವಾಗಿಯೂ ಕೇಳಿಸಿಕೊಳ್ಳುವ, ಕಿವಿಯಿರುವ ಜನ. ಇನ್ನು ಚುಕ್ಕೆಗಳ ಹಂಗೇಕೆ? "ಮಾತು ಕೊಟ್ಟೆ ಸಾರ್," ಎಂದ.

ಯಜಮಾನರು ಹೊರಗೆ ಬಂದು ನಾಲ್ಕು ಮಾತಿನಲ್ಲಿ ಸುದ್ದಿ ಸಾರಿ ಮತ್ತೆ ಒಳಗೆ ಓಡಿದರು. ಎಲ್ಲರೂ ಹುರ್ರೇ ಎಂದರು. ಹೋಗುವವನಿಗೆ ತಂದ ಕೇಕು ಉಳಿದವನಿಗಾಯಿತು. ದೊಡ್ಡ ಕಂಪನಿಯನ್ನೇ ಒದ್ದು ನಮ್ಮ ಜೊತೆ ಉಳಿದ ಎಂದು ಕ್ಯಾಶಿಯರಕ್ಕ ಇನ್ನೊಂದು ಸುತ್ತು ಅತ್ತಳು. ದಿಂಬಣ್ಣ ಹೆಂಡತಿಗೆ ಫೋನ್ ಮಾಡಿದ.

"ನಿಜ ಹೇಳ್ದೆ ಕಣೇ. ಹೇಳಿದ್ದಕ್ಕೆ ಮ್ಯಾನೇಜರ್ ಮಾಡಿಬಿಟ್ರು!"

"ನೋಡಿದ್ರಾ?" ಎಂದಳು ಹೆಂಡತಿ, ಲೆಕ್ಕ ಸರಿಬಂದವಳ ದನಿಯಲ್ಲಿ. "ತಮ್ಮನಿಗೂ ಹೇಳ್ತೀನಿ. ಹೆಡ್‌ಮಾಸ್ಟರಿಗೂ."

ಆ ಮೇಲಿನ ಹೊತ್ತು ದಿಂಬಣ್ಣನ ಬಾಳಿನಲ್ಲಿ ಮರೆಯಲಾಗದ್ದು. ಕೈ ಹಿಂದೆ ಕಟ್ಟಿಕೊಂಡು ಅಂಗಡಿಯ ಉದ್ದಗಲಕ್ಕೆ ನಡೆದ. ದಿಂಬುಗಳನ್ನು ಕಿಟಕಿಯ ಬಳಿಗೆ ತರಿಸಿದ, ನೋಡಿದ, ವಾಪಸು ಇಡಿಸಿದ. ಗೋಡೌನಿನಲ್ಲಿ ಇನ್ನು ಮೇಲೆ ಯಾರೂ ಮಲಗಕೂಡದು ಎಂದ. ಪರದೆ ಮಾಮ "ಆಗಲಿ ಸಾರ್" ಎಂದ. ಸಾರ್! ಗೋಡೆಯ ಗಡಿಯಾರ ಆರು ಹೊಡೆದು ರಿಯಾಯಿತಿ ಮುಗಿದದ್ದು ಅವನ ಗಮನಕ್ಕೂ ಬರಲಿಲ್ಲ.

ಗಡಿಯಾರದ ಸದ್ದು ಅಡಗುವಷ್ಟರಲ್ಲಿ ಕೋಣೆಯ ಬಾಗಿಲು ಮತ್ತೆ ತೆರೆಯಿತು. ಯಜಮಾನರ ಮುಖ ಹಿಂಡಿ ಹಾಕಿದ ಬಟ್ಟೆಯ ಹಾಗಿತ್ತು. ಬಂದವರೇ ದಿಂಬಣ್ಣನ ತೋಳು ಹಿಡಿದು ಪರದೆಗಳ ಮರೆಗೆ ಎಳೆದುಕೊಂಡು ಹೋದರು.

"ತೆಗೆದುಹಾಕಿದ್ರು," ಎಂದು ಪಿಸುಗುಟ್ಟಿದರು.

"ಯಾರನ್ನ ಸಾರ್?"

"ನನ್ನನ್ನ ಕಣ್ರೀ! ಕ್ಲಬ್ಬಿನವರು ನನ್ನನ್ನ ಮ್ಯಾನೇಜರ್ ಕೆಲಸದಿಂದ ತೆಗೆದುಹಾಕಿದ್ರು. ನುಗ್ಗಬೇಕು ನುಗ್ಗಬೇಕು ಅಂದ್ರಲ್ಲ, ಎಲ್ಲರೂ ನುಗ್ಗಿದ್ರು, ಹಿಂದೆ ಯಾರಿದ್ರು? ಒಂದಾದ ಮೇಲೊಂದು ನಾಲ್ಕು ಗೋಲು ಹೊಡೆಸಿಕೊಂಡ್ವಿ. ಬೇರೆ ಕ್ಲಬ್ಬುಗಳಿಗೆಲ್ಲ ಅರ್ಜಿ ಹಾಕಿ ನೋಡ್ದೆ. ಯಾರೂ ಸೇರಿಸ್ಕೊಳ್ಳೋದಿಲ್ಲ ಅಂತಾರೆ."

"ಈಗ ಏನು ಮಾಡ್ತೀರಿ ಸಾರ್?"

"ಏನು ಮಾಡೋದು? ಕೈಯಲ್ಲಿ ಬೇರೆ ಕೆಲಸ ಇಲ್ಲ. ಇನ್ನು ಅಂಗಡೀನಾದ್ರೂ ನಾನೇ ನೋಡ್ಕೋಬೇಡ್ವಾ?" ಯಜಮಾನರು ಪರದೆಯ ಮರೆಯಿಂದ ಹೊರಗೆ ಬಂದು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು. "ನಾಳೆಯಿಂದ ಎಲ್ಲ ನಾನೇ ನೋಡ್ಕೋತೀನಿ. ಇಲ್ಲಿ ಮ್ಯಾನೇಜರ್ ಬೇಕಾಗಿಲ್ಲ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಪರದೆ ಮಾಮ ಮಾತ್ರ ಅರ್ಥಕ್ಕಾಗಿ ಕಾಯಲಿಲ್ಲ. "ಏಯ್," ಎಂದ, "ಆ ದಿಂಬುಗಳನ್ನ ಎತ್ತಿಡು."

ದಿಂಬಣ್ಣ ಎತ್ತಿಟ್ಟ.

ಮನೆ ಮುಟ್ಟುವಾಗ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. ಒಳಗೆ ಭಾವಮೈದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಟೈರಿನ ಮಾತಾಡಲು ಬಂದದ್ದು ಅವನ ಮುಖದ ಮೇಲೇ ಕಾಣುತ್ತಿತ್ತು.

"ಬನ್ನಿ ಮ್ಯಾನೇಜರ್ ಸಾಹೇಬ್ರೇ," ಎಂದಳು ಹೆಂಡತಿ.

"ಅಲ್ಲ," ಎಂದ ದಿಂಬಣ್ಣ, ಚಪ್ಪಲಿ ಬಿಡುತ್ತ. "ತೆಗೆದುಹಾಕಿದ್ರು."

"ಇಷ್ಟು ಬೇಗನಾ? ಸಂಜೆ ಮಾಡಿ ಸಂಜೆನೇ ತೆಗೆಯೋದಾ? ಹಾಸಿಗೆ ಏನಾದ್ರೂ ಹರಿದ್ರಾ? ಗಿರಾಕಿ ಜೊತೆ ಜಗಳ ಆಡಿದ್ರಾ? ಏನು ತಪ್ಪು ಮಾಡಿದ್ರಿ, ಸರಿಯಾಗಿ ಹೇಳಿ. ನಾಳೆ ಹೆಡ್‌ಮಾಸ್ಟರಿಗೆ ನಾನು ಏನಂತ ಹೇಳ್ಬೇಕು?"

ದಿಂಬಣ್ಣ ಬಿಟ್ಟ ಚಪ್ಪಲಿಗಳನ್ನು ಗೋಡೆಗೆ ಸೇರಿಸಿ ಜೋಡಿಸಿಟ್ಟ.

"ನಾಲ್ಕು ಗೋಲಿನಿಂದ ಸೋತ್ವಿ ಅಂತ ಹೇಳು," ಎಂದ.